ನಟ್ ಬಿಚ್ಚೋಕೆ ಮುಂಚೆ ಸ್ಪ್ರಿಂಗ್ ಲೆಕ್ಕ

ನಂದಿನಿ ಲೇಔಟ್ ಹಂಪ್‌ಗಳ ಮೇಲೆ ನಮ್ಮನೆ ಸ್ವಿಫ್ಟ್ ಕುಣಿಯುತ್ತೆ. ಸ್ಪೋರ್ಟ್ಸ್ ಕಾರ್ ಥರ ಬಿಗಿಯಾಗಿ ಓಡಲಿ ಅಂತ ಹೊಸ ಶಾಕ್ ಅಬ್ಸಾರ್ಬರ್ ತಂದು ಮನೇಲೇ ಹಾಕಬಹುದಾ? ಹಿಂದಿನದು ಹಾಕಬಹುದು. ಮುಂದಿನದಕ್ಕೆ ಮೊದಲು ಲೆಕ್ಕ ಮಾಡಿ.

ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಸುತ್ತ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಕಾರನ್ನು ಜಾಕ್ ಮೇಲೆ ಎತ್ತಿದರೂ ಅದು ಪೂರ್ತಿ ಸಡಿಲ ಆಗಲ್ಲ, ಮೇಲಿನ ಒಂದು ನಟ್ ತಡೆದಿರುತ್ತದೆ.

ಅಂದಾಜಿಗೆ k = 20,000 ನ್ಯೂಟನ್/ಮೀಟರ್, ಅದುಮಿರೋದು 0.1 ಮೀಟರ್ ಅಂದ್ಕೊಳ್ಳಿ. ಬಲ 2,000 ನ್ಯೂಟನ್, ಅಂದರೆ ಸುಮಾರು 200 ಕೆಜಿ ಭಾರ. ಶಕ್ತಿ ½kx² = 100 ಜೌಲ್. ಅಷ್ಟೂ 1 ಕೆಜಿ ತುಂಡಿಗೆ ಸಿಕ್ಕರೆ ವೇಗ ಸೆಕೆಂಡಿಗೆ 14 ಮೀಟರ್, ಗಂಟೆಗೆ 50 ಕಿ.ಮೀ! ಅದರ ದಾರಿಯಲ್ಲಿ ನಿಮ್ಮ ಮುಖ ಇರುತ್ತದೆ. ಹಾಗಾಗಿ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಆ ನಟ್ ಮುಟ್ಟಬೇಡಿ. ಅದನ್ನು ಬಳಸಿ ಅಭ್ಯಾಸ ಇಲ್ಲದಿದ್ದರೆ ಗ್ಯಾರೇಜಿಗೇ ಕೊಡಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕ್ರಮ ಹೀಗೆ:

1. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ.
2. ಕಾರ್ ಸ್ಟ್ಯಾಂಡ್ ಮೇಲೆ ಕೂರಲಿ, ಬರೀ ಜಾಕ್ ನಂಬಬೇಡಿ.
3. ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇಟ್ಟೇ ಶಾಕ್ ಬೋಲ್ಟ್ ಬಿಚ್ಚಿ. ಆಕ್ಸಲ್ ತೀರಾ ಕೆಳಗಿಳಿಯದಂತೆ ಶಾಕೇ ಹಿಡಿದಿರುತ್ತದೆ.
4. ಹೊಸದನ್ನು ಕೂರಿಸಿ, ಆಕ್ಸಲನ್ನು ಓಡುವಾಗಿನ ಎತ್ತರಕ್ಕೆ ಎತ್ತಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ.