ಕೊಲೆಸ್ಟ್ರಾಲ್ ಜಾಸ್ತಿ ಬಂತೇ? ಮೊದಲು ಎಣ್ಣೆ ಡಬ್ಬಿ ನೋಡಿ

ಡಾಕ್ಟರು ‘ಎಣ್ಣೆ ಕಡಿಮೆ ಮಾಡಿ’ ಅಂದಾಗ ಎಲ್ಲರೂ ತಲೆಯಾಡಿಸಿಯೇ ಬರುತ್ತೀರಿ. ಒಲೆ ಮುಂದೆ ನಿಂತಮೇಲೆ ಕೈ ಮಾತು ಕೇಳುವುದಿಲ್ಲ, ಅಷ್ಟೇ.

• ಬಾಟಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ. ಕೈಯಳತೆಗೆ ಯಾವಾಗಲೂ ಧಾರಾಳ ಜಾಸ್ತಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ನಾಲ್ವರಿದ್ದರೆ 2 ಲೀಟರ್. ತಿಂಗಳ ಮೊದಲಿಗೇ ತಂದಿಡಿ, ನಡುವೆ ಅಂಗಡಿಗೆ ಓಡಬೇಡಿ. ಅನ್ನದ ಮೇಲಿನ ತುಪ್ಪವೂ ಉಪ್ಪಿನಕಾಯಿಯ ಎಣ್ಣೆಯೂ ಈ ಲೆಕ್ಕದಲ್ಲೇ ಬರಬೇಕು.

• ಪೂರಿ ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ; ಕಾಯಿಸಿದಷ್ಟೂ ಕೆಡುತ್ತದೆ. ದುಡ್ಡು ಉಳಿಯಬೇಕಾದರೆ ಚಿಕ್ಕ ಬಾಣಲೆಯಲ್ಲಿ ಸ್ವಲ್ಪವೇ ಹಾಕಿ ಕರಿಯಿರಿ.

• ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದಿದ್ದರೆ ಹೆಚ್ಚು ದುಡ್ಡು ಕೊಡಬೇಡಿ. ಅಡುಗೆ ಎಣ್ಣೆಗಳಲ್ಲಿ ಅದು ಮೊದಲಿನಿಂದಲೂ ಇಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬನ್ನು. ತೆಂಗಿನೆಣ್ಣೆಯಲ್ಲಿ ಅದು ಬಹಳ, ಪಾಮ್ ಎಣ್ಣೆಯಲ್ಲೂ ಹೆಚ್ಚು. ಕರಾವಳಿಯವರು ಮುನಿಸಿಕೊಳ್ಳಬೇಡಿ, ಒಗ್ಗರಣೆಗೆ ಒಂದು ಚಮಚ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಶೇಂಗಾ, ಸೂರ್ಯಕಾಂತಿ ಬದಲಿಸಿ ಬಳಸಿ.

• ಸಂಜೆಯ ಪಫ್, ಖಾರಾ ಬಿಸ್ಕತ್ತು ಬಿಡಿ. ಅವು ಗರಿಗರಿ ಆಗುವುದೇ ವನಸ್ಪತಿಯಂಥ ಕೊಬ್ಬಿನಿಂದ. ಚೀಲದಲ್ಲಿ ಒಂದು ಹಿಡಿ ಹುರಿಗಡಲೆ ಇಟ್ಟುಕೊಂಡರೆ ಬೇಕರಿ ಕಡೆ ಕಾಲು ಹೋಗುವುದಿಲ್ಲ.

• ದಿನಕ್ಕೊಂದು ಹೊತ್ತಾದರೂ ಕಾಳು ತಿನ್ನಿ: ಹುರುಳಿ ಸಾರು, ಹೆಸರುಕಾಳು ಉಸಲಿ, ಅವರೆ. ಕಾಳಿನ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಕೊಲೆಸ್ಟ್ರಾಲನ್ನು ಹೊರಗೆ ಸಾಗಿಸುತ್ತದೆ. ಓಟ್ಸ್ ದುಬಾರಿ ಎನಿಸಿದರೆ ಬಾರ್ಲಿ ತನ್ನಿ, ಅದೇ ಗುಣ. ಅಗಸೆ ಚಟ್ನಿಪುಡಿ ಬಡಿಸಿಕೊಳ್ಳಿ. ಬೀಜ ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ.

• ಹಣ್ಣಿನ ರಸ ಬೇಡ, ಸೀಬೆಹಣ್ಣು ಕಚ್ಚಿ ತಿನ್ನಿ.

• ರಕ್ತಪರೀಕ್ಷೆಯ ಚೀಟಿಯಲ್ಲಿ ಟ್ರೈಗ್ಲಿಸರೈಡ್ ಜಾಸ್ತಿಯಿದ್ದರೆ ಸಕ್ಕರೆ, ಎರಡನೇ ಸಲದ ಅನ್ನ ಕಡಿಮೆ ಮಾಡಿ. ‘ವಾರಕ್ಕೊಂದೇ ಸಲ’ ಎನ್ನುವ ಗುಂಡನ್ನೂ ಬಿಡಿ.

• ವಾರಕ್ಕೆ 5 ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಪಾರ್ಕಿನಿಂದ ನೇರ ಮನೆಗೆ ಬನ್ನಿ. ದಾರಿಯಲ್ಲಿ ಉದ್ದಿನವಡೆ ತಿಂದರೆ ನಡೆದದ್ದೆಲ್ಲ ಅಲ್ಲಿಗೇ ಜಮಾ.

• ಬೀಡಿ, ಸಿಗರೇಟು ಬಿಡಿ. ಒಳ್ಳೆಯ ಕೊಲೆಸ್ಟ್ರಾಲು ಏರಲು ಅದೂ ಒಂದು ದಾರಿ.

• ‘ನಾನು ಸಣ್ಣಗಿದ್ದೇನೆ, ನನಗೇಕೆ’ ಅನ್ನಬೇಡಿ. ಕೆಲವರಿಗೆ ಇದು ವಂಶದಿಂದಲೇ ಬರುತ್ತದೆ. ಥೈರಾಯ್ಡ್ ಮಂದವಾದರೂ ಏರುತ್ತದೆ, ಅದನ್ನೂ ಪರೀಕ್ಷಿಸಿಕೊಳ್ಳಿ.

• ಪಥ್ಯ ಚೆನ್ನಾಗಿ ನಡೆದಿದೆ ಎಂದು ಮಾತ್ರೆ ಬಿಡಬೇಡಿ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ನಿಲ್ಲಿಸುವುದಿದ್ದರೆ ಡಾಕ್ಟರೇ ಹೇಳಲಿ. ಪಕ್ಕದ ಮನೆಯವರಲ್ಲ, ನಾನೂ ಅಲ್ಲ.