ಅಮೆರಿಕದ ಯುದ್ಧ, ಘಟಪ್ರಭೆಯ ದಂಡೆಯ ಹತ್ತಿ

ಪ್ರಶ್ನೆ: ನಾನು ಮೂಡಲಗಿ ತಾಲೂಕಿನ ರೈತರ ಮನೆಯವಳು, ಗೋಕಾಕದಲ್ಲಿ ಪದವಿ ಓದುತ್ತಿದ್ದೇನೆ. ಅಮೆರಿಕದ ಅಂತರ್ಯುದ್ಧದ ಪಾಠ ಮಾಡುವಾಗ ನಮ್ಮ ಸರ್, "ಈ ಯುದ್ಧದಿಂದ ನಮ್ಮ ಭಾಗದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತ್ತು" ಎಂದರು. ಏಳು ಸಮುದ್ರದಾಚೆಯ ಜಗಳಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ? ಯುದ್ಧ ಮುಗಿದ ಮೇಲೆ ಇಲ್ಲಿ ಏನಾಯಿತು? ಈಗ ನಮ್ಮ ಮನೆಯಲ್ಲಿ ಹತ್ತಿಯೇ ಇಲ್ಲ, ಎಲ್ಲ ಕಬ್ಬು.

ಉತ್ತರ: ನಿಮ್ಮ ಸರ್ ಹೇಳಿದ್ದು ನಿಜ. ನೀವು ಕೇಳಿದ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಬೆಲೆ ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಬೆಲೆ ಹೋದ ಮೇಲೆ ಉಳಿದದ್ದೇನು ಎಂದು ಕೇಳುವವರು ಕಡಿಮೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಥೆ ಶುರುವಾಗುವುದು ಹತ್ತಿಕಾಳಿನಿಂದ. ಹೊಲದಿಂದ ಬಿಡಿಸಿ ತಂದ ಹತ್ತಿಯಲ್ಲಿ ಅರಳೆಗಿಂತ ಕಾಳಿನ ತೂಕವೇ ಹೆಚ್ಚು. ಕಾಳು ಬೇರೆ, ಅರಳೆ ಬೇರೆ ಆಗದೆ ನೂಲು ಇಲ್ಲ. ನಮ್ಮ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಈ ಕೆಲಸ ಹೆಂಗಸರದಾಗಿತ್ತು. ನೆಲದ ಮೇಲೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಒಂದು ಕಬ್ಬಿಣದ ಸರಳು. ಎತ್ತರದ ಮಣೆಯ ಮೇಲೆ ಕುಳಿತ ಹೆಂಗಸು, ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡ ಎರಡೂ ಪಾದಗಳಿಂದ ಆ ಸರಳನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾಳೆ, ಕೈಯಿಂದ ಹತ್ತಿ ಒಡ್ಡುತ್ತಾಳೆ. ಅರಳೆ ಸರಳಿನ ಅಡಿಯಲ್ಲಿ ನುಸುಳಿ ಹೋಗುತ್ತದೆ, ಕಾಳು ಈಚೆಗೇ ಉಳಿಯುತ್ತದೆ. ದಿನವಿಡೀ ಕಾಲು ಸವೆಸಿದರೆ ಸಿಗುವುದು ಕೆಲವೇ ಸೇರು ಅರಳೆ. ಊರ ಹತ್ತಿಗೆ ಈ ಸರಳು ಸಾಕಾಗಿತ್ತು.

ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ಗುಣ ಬೇರೆ. ಅಲ್ಲಿ ಅರಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಸರಳಿಗೆ ಬಗ್ಗುವುದಿಲ್ಲ. 1793ರಲ್ಲಿ ಎಲೈ ವಿಟ್ನಿ ಎಂಬಾತ ಹಲ್ಲುಗಳಿರುವ ಯಂತ್ರವೊಂದನ್ನು ಕಟ್ಟಿದ. ಅದೇ ಜಿನ್. ಕಾಳು ಬಿಡಿಸುವ ಕಷ್ಟ ಹಗುರಾಯಿತು, ಬೆಳೆಯುವ ಆಸೆ ಹಿಗ್ಗಿತು. ಹತ್ತಿ ಬಿತ್ತಿ, ಕಳೆ ತೆಗೆದು, ಬಿಡಿಸುವ ದುಡಿಮೆಗೆ ಆಫ್ರಿಕದಿಂದ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳನ್ನು ಗುಲಾಮರನ್ನಾಗಿ ಹೂಡಿದರು. 1860ರ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಗುಲಾಮರ ಬೆವರಿನದು.

1860ರ ನವೆಂಬರಿನಲ್ಲಿ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದರು. ಗುಲಾಮಗಿರಿ ಹೊಸ ಸೀಮೆಗಳಿಗೆ ಹಬ್ಬಬಾರದು ಎಂಬುದು ಅವರ ಪಕ್ಷದ ನಿಲುವು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು, ಕೊನೆಗೆ 11 ಆದವು. 1861ರ ಏಪ್ರಿಲ್ 12ರಂದು ಒಕ್ಕೂಟದ ಸೈನ್ಯವಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ತೋಪು ಹಾರಿತು, ಯುದ್ಧ ಶುರುವಾಯಿತು. ಲಿಂಕನ್ ದಕ್ಷಿಣದ ಬಂದರುಗಳಿಗೆಲ್ಲ ನೌಕಾಪಡೆಯ ದಿಗ್ಬಂಧನ ಹಾಕಿಸಿದರು. ಹತ್ತಿಯ ಅಂಡಿಗೆಗಳು ಅಲ್ಲಿಯೇ ಕೊಳೆತವು. ಇತ್ತ ಲ್ಯಾಂಕಶೈರ್ ಗಿರಣಿಗಳ ಚಕ್ರ ನಿಂತಿತು. 1862ರ ಕೊನೆಗೆ ಅಲ್ಲಿ ಐದು ಲಕ್ಷದಷ್ಟು ಜನ ಗಂಜಿಗಾಗಿ ದಾನದ ಹಣ ನಂಬಿ ಬದುಕಬೇಕಾಯಿತು. ಹಾಗಿದ್ದೂ ಆ ವರ್ಷದ ಕಡೆಯ ದಿನ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ ಅವರಿಗೆ ಬೆಂಬಲದ ಪತ್ರ ಬರೆದರು. ಹೊಟ್ಟೆ ಹಸಿದಿರುವಾಗಲೂ ನ್ಯಾಯದ ಕಡೆ ನಿಂತ ಆ ಜನರನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬಿ ಬರುತ್ತದೆ.

ಗಿರಣಿ ಮಾಲೀಕರು ಮಾತ್ರ ಬೇರೆ ಹತ್ತಿ ಹುಡುಕಿಕೊಂಡು ಹಿಂದುಸ್ತಾನದ ಕಡೆ ತಿರುಗಿದರು. ಇಲ್ಲಿ ಅದಕ್ಕೆ ಸ್ವಲ್ಪ ನೆಲ ಹದವಾಗಿತ್ತು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನು ಕರೆತಂದು ಹುಬ್ಬಳ್ಳಿ ಸುತ್ತ ಅಲ್ಲಿಯ ಬೀಜ ಬಿತ್ತಿಸಿ ನೋಡಿತ್ತು. ಧಾರವಾಡದ ಕಲೆಕ್ಟರ್ ಶಾ ಅದನ್ನು ರೈತರಲ್ಲಿ ಹರಡಲು ಬಹಳ ಓಡಾಡಿದ್ದ. ಅದೇ ಮುಂದೆ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂಬ ಹೆಸರಿನ ಹತ್ತಿಯಾಯಿತು. ಆದರೆ ಬೀಜ ಬಂದರೆ ಸಾಲದು, ಅದಕ್ಕೆ ತಕ್ಕ ಯಂತ್ರವೂ ಬರಬೇಕು. ಕಾಲಿನ ಸರಳಿಗೆ ಈ ಹತ್ತಿ ಜಗ್ಗದ ಕಾರಣ ವಿಟ್ನಿಯ ಹಲ್ಲಿನ ಜಿನ್ ಧಾರವಾಡಕ್ಕೆ ಬಂತು, ಅದನ್ನು ಮಾಡಿ ರಿಪೇರಿ ಮಾಡುವ ಕಾರ್ಖಾನೆ ಅಲ್ಲಿ ನಡೆಯಿತು. ಅಮೆರಿಕದಲ್ಲಿ ಗುಲಾಮಗಿರಿಯನ್ನು ಬೆಳೆಸಿದ ಯಂತ್ರವೇ ನಮ್ಮ ಹೆಂಗಸರ ಪಾದದ ಕೆಲಸವನ್ನೂ ಕಿತ್ತುಕೊಳ್ಳಲು ಶುರುಮಾಡಿತು.

ಗೋಕಾಕ, ಮೂಡಲಗಿ ಕಡೆಯ ಎರಿ ಭೂಮಿಯಲ್ಲಿ ಹೆಚ್ಚು ಇದ್ದದ್ದು ಊರ ಹತ್ತಿ. ಅದಕ್ಕೆ ಹೊರದೇಶದ ಪೇಟೆಯಲ್ಲಿ 'ಕುಮಟಾ' ಎಂದೇ ಹೆಸರು. ಕುಮಟೆಯಲ್ಲಿ ಬೆಳೆಯುತ್ತಿದ್ದುದರಿಂದ ಬಂದ ಹೆಸರಲ್ಲ ಅದು. ಘಟ್ಟದ ಮೇಲಿನ ಹತ್ತಿ ಹಡಗು ಹತ್ತುತ್ತಿದ್ದುದು ಕುಮಟಾ ಬಂದರಿನಲ್ಲಿ. ಬೆಳಗಾವಿ ಸೀಮೆಗೆ ಇನ್ನೊಂದು ಬಂದರು ವೆಂಗುರ್ಲಾ. ರೈಲು ಇಲ್ಲದ ಕಾಲ. ಚಕ್ಕಡಿ ಹೂಡಿ, ಇಲ್ಲವೇ ಎತ್ತಿನ ಬೆನ್ನಿಗೆ ಹೇರಿ, ಘಟ್ಟ ಇಳಿಸಬೇಕು. ದಾರಿಯ ಧೂಳು, ಮಳೆ, ಕಳ್ಳತನ ಎಲ್ಲ ದಾಟಿ ಹತ್ತಿ ಮುಂಬಯಿ ಸೇರಬೇಕು.

ಲಿವರ್‌ಪೂಲ್ ಪೇಟೆಯಲ್ಲಿ ಹತ್ತಿಯ ಧಾರಣೆ ಯುದ್ಧಕ್ಕೆ ಮೊದಲು ಇದ್ದುದರ ಸುಮಾರು ನಾಲ್ಕು ಪಟ್ಟು ಏರಿತು. ಆ ಏರಿಕೆ ದಲಾಲರ ಬಾಯಿಂದ ಬಾಯಿಗೆ ದಾಟಿ ನಮ್ಮ ಹಳ್ಳಿಗಳಿಗೂ ಬಂತು. ಜೋಳದ ಹೊಲಗಳಿಗೆ ಹತ್ತಿ ನುಗ್ಗಿತು. ಸಾಹುಕಾರರು ಮನೆ ಬಾಗಿಲಿಗೇ ಬಂದು ಮುಂಗಡ ಕೊಟ್ಟರು. ತೂಕ ಹೆಚ್ಚಿಸಲು ಹತ್ತಿಗೆ ನೀರು ಹೊಡೆಯುವುದು, ಕಾಳು ಕಲಬೆರಕೆ ಮಾಡುವುದು ಎಷ್ಟು ಬೆಳೆಯಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯಲೆಂದೇ ಕಾಯ್ದೆ ಮಾಡಿತು. ಕರ್ನಾಟಕದ ನಕ್ಷೆಗೂ ಈ ಯುದ್ಧ ಕೈಹಾಕಿತು: ಮ್ಯಾಂಚೆಸ್ಟರಿನ ವ್ಯಾಪಾರಿಗಳು ಧಾರವಾಡದ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂದು ಒತ್ತಾಯಿಸಿದರು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು 1956ರವರೆಗೆ ಎರಡು ಆಡಳಿತಗಳಲ್ಲಿ ಹಂಚಿಹೋದದ್ದರ ಹಿಂದೆ ಹತ್ತಿಯ ಕೈಯಿದೆ.

ಮುಂಬಯಿಯಲ್ಲಂತೂ ಹಣದ ಹೊಳೆ. ಯುದ್ಧದ ವರ್ಷಗಳಲ್ಲಿ ಆ ನಗರಕ್ಕೆ ಹತ್ತಿಯಿಂದ ಏಳೆಂಟು ಕೋಟಿ ಪೌಂಡ್ ಹೆಚ್ಚುವರಿ ಹಣ ಬಂತೆಂದು ಅಂದಾಜು. ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಹತ್ತು ಪಟ್ಟಿಗೂ ಮೀರಿ ಮಾರಾಟವಾಯಿತು. ಪ್ರೇಮಚಂದ್ ರಾಯಚಂದ್ ಎಂಬ ವ್ಯಾಪಾರಿ ಆ ಕಾಲದ ಪೇಟೆಯ ದೊರೆ. 1865ರ ಏಪ್ರಿಲ್ 9ರಂದು ದಕ್ಷಿಣದ ದಂಡನಾಯಕ ಲೀ ಶರಣಾದ. ಸುದ್ದಿ ಮುಂಬಯಿ ತಲುಪಿದ್ದೇ ತಡ, ಧಾರಣೆ ಕುಸಿಯಿತು. ವಾಯಿದೆ ವ್ಯವಹಾರಗಳ ಲೆಕ್ಕ ತೀರಬೇಕಿದ್ದ ಜುಲೈ 1ರಂದು ಮನೆಮನೆಗಳು ದಿವಾಳಿಯಾದವು. ಪ್ರೇಮಚಂದರೂ ದಿವಾಳಿಯೆದ್ದರು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿಹೋಗಿ ಮತ್ತೊಮ್ಮೆ ಹೊಸದಾಗಿ ಶುರುವಾಗಬೇಕಾಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಆಮೇಲೆ ಏನಾಯಿತು?

ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ಕಾನೂನಿನಿಂದ ಅಳಿಸಿತು. ಬಿಡುಗಡೆಯಾದವರ ಕೈಗೆ ಭೂಮಿ ಮಾತ್ರ ಬರಲಿಲ್ಲ. ಹಳೆಯ ಧಣಿಯ ಹೊಲವನ್ನೇ ಪಾಲಿಗೆ ಮಾಡಿದರು. ಬೀಜ, ಕಾಳು, ಬಟ್ಟೆ ಎಲ್ಲ ಸಾಲಕ್ಕೆ. ಸುಗ್ಗಿಯಲ್ಲಿ ಲೆಕ್ಕ ಮಾಡಿದರೆ ಹತ್ತಿಯೆಲ್ಲ ಸಾಲಕ್ಕೇ ಸರಿ. ಮರುನಿರ್ಮಾಣದ ಕಾಲವೆಂದು ಕರೆಯುವ ಹನ್ನೆರಡು ವರ್ಷ 1877ಕ್ಕೆ ಮುಗಿಯುವಾಗ, ಕಪ್ಪು ಜನರಿಗೆ ಸಿಕ್ಕಿದ್ದ ಮತದ ಹಕ್ಕನ್ನೂ ದಕ್ಷಿಣದಲ್ಲಿ ಬೆದರಿಕೆಯಿಂದ, ಬರಬರುತ್ತ ಕಾನೂನಿನಿಂದಲೇ ಕಸಿಯಲಾಯಿತು.

ನಮ್ಮ ಕಡೆಯೂ ಅದೇ ಸಾಲ. ಬೆಲೆ ಏರಿದ ವರ್ಷಗಳಲ್ಲಿ ರೈತನನ್ನು ನಂಬಿ ಕೊಟ್ಟ ಹಣ, ಆ ಬೆಲೆ ನೋಡಿ ಅವನು ಮಾಡಿದ ಮದುವೆ, ಕೊಂಡ ಎತ್ತು, ಬರೆದುಕೊಟ್ಟ ಪತ್ರ, ಎಲ್ಲವೂ ಯುದ್ಧದ ಧಾರಣೆಯನ್ನು ನಂಬಿದ್ದವು. ಧಾರಣೆ ಇಳಿಯಿತು, ಬಡ್ಡಿ ಇಳಿಯಲಿಲ್ಲ. ಮುಂಬಯಿ ಪ್ರಾಂತದ ಬೇರೆ ಕಡೆ ಸರ್ಕಾರ ಕಂದಾಯವನ್ನೂ ಏರಿಸಿತು. 1875ರ ಮೇ ತಿಂಗಳಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಅಂಗಡಿಗೆ ನುಗ್ಗಿ ಸಾಲಪತ್ರಗಳನ್ನು ಕಿತ್ತು ಬೆಂಕಿಗೆ ಹಾಕಿದರು. ಅದನ್ನು ವಿಚಾರಿಸಿದ ಸಮಿತಿಯೇ ಅಮೆರಿಕದ ಯುದ್ಧಕಾಲದ ಹತ್ತಿಯ ಬೆಲೆ ಸಾಲವನ್ನು ಹೇಗೆ ಉಬ್ಬಿಸಿತು ಎಂದು ಬರೆದಿಟ್ಟಿತು. ಅದಾದ ಮರುವರ್ಷವೇ ಧಾತು ಸಂವತ್ಸರದ ಬರ. 1876ರಿಂದ 1878ರವರೆಗೆ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಬಯಲುಸೀಮೆಯಲ್ಲಿ ಜನ, ದನ ಲೆಕ್ಕವಿಲ್ಲದೆ ಸತ್ತರು. ಕಣಜದಲ್ಲಿ ಕಾಳಿಲ್ಲದ, ತಲೆಯ ಮೇಲೆ ಸಾಲವಿರುವ ಮನೆಗೆ ಬರ ಹೊಕ್ಕರೆ ಏನು ಉಳಿದೀತು?

ಪುಣೆಯ ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಗುಲಾಮರ ಬಿಡುಗಡೆಗಾಗಿ ದುಡಿದ ಜನರಿಗೆ ಅರ್ಪಿಸಿದರು. ಮುಂಬಯಿ ಪೇಟೆ ಆ ಯುದ್ಧದಲ್ಲಿ ಹತ್ತಿಯ ಧಾರಣೆ ಕಂಡಿತು. ಫುಲೆ ಅದರಲ್ಲಿ ಮನುಷ್ಯರ ಬಿಡುಗಡೆ ಕಂಡರು, ತಮ್ಮ ಸುತ್ತಲಿನ ಶೂದ್ರ ಅತಿಶೂದ್ರರ ಬಿಡುಗಡೆಗೆ ಅದರಿಂದ ದಾರಿ ಹುಡುಕಿದರು. ಆ ಯುದ್ಧದ ನಿಜವಾದ ಗಳಿಕೆ ನನ್ನ ಮಟ್ಟಿಗೆ ಇದು.

ಹಾಗಾದರೆ ನಮ್ಮ ನೆಲದಲ್ಲಿ ಉಳಿದದ್ದು ಏನು? ಗೋಕಾಕ ಫಾಲ್ಸಿಗೆ ಹೋಗಿ ನೋಡಿ. 1885ರಲ್ಲಿ ಗೋಕಾಕ ವಾಟರ್ ಪವರ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು, 1887ರಲ್ಲಿ ಗಿರಣಿ ತಿರುಗಿತು. ಅದರ ಹಿಂದಿದ್ದವರು ಮುಂಬಯಿಯ ವ್ಯಾಪಾರಿ ಕಂಪನಿಯವರು. ಹತ್ತಿಯನ್ನು ಲಿವರ್‌ಪೂಲಿಗೆ ಕಳಿಸುವ ಬದಲು ಹತ್ತಿ ಬೆಳೆಯುವಲ್ಲೇ ನೂಲಬೇಕೆಂಬ ಆಲೋಚನೆಗೆ ಆಗ ಕಾಲ ಕೂಡಿಬಂದಿತ್ತು. 170 ಅಡಿ ಧುಮುಕುವ ಘಟಪ್ರಭೆಯ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿ ಗಿರಣಿ ನಡೆಸಿದರು. ಕಲ್ಲಿದ್ದಲಿಲ್ಲದ ಊರಿನಲ್ಲಿ ನದಿಯೇ ಉರುವಲು. ಜಲಪಾತದ ಪಕ್ಕದ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯ ಮೇಲೆ ಶ್ರಾವಣದಲ್ಲಿ ನಿಂತರೆ ಕಾಲ ಕೆಳಗೆ ಕೆಂಪು ನೀರು ಸದ್ದು ಮಾಡುತ್ತ ಧುಮುಕುತ್ತದೆ, ಹಲಗೆ ಪಾದಕ್ಕೆ ಸಣ್ಣಗೆ ನಡುಗುವುದು ತಿಳಿಯುತ್ತದೆ, ಎದುರಿಗೆ ಗಿರಣಿಯ ಕಲ್ಲುಗೋಡೆ. ನಾಲ್ಕೈದು ತಲೆಮಾರಿನ ಕುಟುಂಬಗಳು ಆ ಗೋಡೆಯ ಒಳಗಿನ ದುಡಿಮೆಯಿಂದ ಉಂಡಿವೆ. ಬೆಲೆಯ ಹಣ ಬಂದ ಹಾಗೆಯೇ ಹೋಯಿತು, ಇಲ್ಲಿ ಕಟ್ಟಿದ್ದು ಮಾತ್ರ ನಿಂತಿತು.

ನಿಮ್ಮ ಮನೆಯ ಕಬ್ಬಿಗೂ ಇದೇ ನದಿ ಕಾರಣ. ಬರದ ಪಾಠ ಕಲಿತ ಸರ್ಕಾರ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿತು. 1897ರ ಹೊತ್ತಿಗೆ ಅದರ ನೀರು ಎಡದಂಡೆಯ ಕಾಲುವೆಗೆ ಹರಿಯಿತು. ಸ್ವಾತಂತ್ರ್ಯದ ನಂತರ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಜಲಾಶಯ ಅದು. ಮಳೆ ನಂಬಿದ ಎರಿ ಹೊಲಕ್ಕೆ ನೀರು ಬಂದ ಮೇಲೆ ಹತ್ತಿ ಸರಿಯಿತು, ಕಬ್ಬು ಬಂತು. ಸಂಕೇಶ್ವರದಿಂದ ಗೋಕಾಕದವರೆಗೆ ಸಕ್ಕರೆ ಕಾರ್ಖಾನೆಗಳು ಬಂದವು.

ಒಂದು ಮಾತು ನಿಮಗೆ, ನಿಮ್ಮ ವಯಸ್ಸಿನ ಎಲ್ಲ ರೈತರ ಮಕ್ಕಳಿಗೆ. 1864ರಲ್ಲಿ ಈ ಬಯಲಿನ ರೈತ ತನ್ನ ಹತ್ತಿಗೆ ಬಂದ ಬೆಲೆ ತನ್ನ ಭೂಮಿಯ ಗುಣಕ್ಕೆ ಬಂದದ್ದೆಂದುಕೊಂಡ. ಅದು ಬೇರೆಯವರ ನೆತ್ತರಿನಿಂದ, ಬೇರೆ ದೇಶದ ಬಂದರು ಮುಚ್ಚಿದ್ದರಿಂದ ಬಂದದ್ದೆಂದು ಅವನಿಗೆ ಹೇಳುವವರಿರಲಿಲ್ಲ. ಹೇಳುವವರು ಈಗ ನೀವಿದ್ದೀರಿ. ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರ್ಷ ಮನೆಯಲ್ಲಿ ಹೊಸ ಸಾಲದ ಮಾತು ಬಂದರೆ, ಸಕ್ಕರೆಯ ಬೆಲೆ ಯಾಕೆ ಏರಿದೆ, ಅದನ್ನು ಏರಿಸಿದ ಕಾರಣ ಎಷ್ಟು ದಿನ ಇದ್ದೀತು ಎಂದು ಅಪ್ಪನ ಜತೆ ಕೂತು ಲೆಕ್ಕ ಹಾಕಿ. ಬಂದ ಹಣದಲ್ಲಿ ಒಂದು ಪಾಲನ್ನು ಬೆಲೆ ಬಿದ್ದರೂ ಉಳಿಯುವ ಕೆಲಸಕ್ಕೆ ಹಾಕಿ: ಬಾವಿ, ಬದು, ಓದು.

ಮನೆಯಲ್ಲಿ ಅಜ್ಜಿ ಇದ್ದರೆ, ಹತ್ತಿ ಬಿತ್ತುವುದನ್ನು ಯಾವ ವರ್ಷ ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಲಿವರ್‌ಪೂಲ್ ಪೇಟೆಯ ಲೆಕ್ಕ ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ನಿಮ್ಮ ಹೊಲದ ಲೆಕ್ಕ ಗೊತ್ತಿರುವುದು ಅವರೊಬ್ಬರಿಗೇ.