ಸೌರ ಬ್ಯಾಟರಿ: ಲಿಥಿಯಂ ಸೆಲ್‌ಗಳ ಸಮತೋಲನ

ಸೌರ ವಿದ್ಯುತ್ತನ್ನು ರಾತ್ರಿಯ ಬಳಕೆಗೆ ಕೂಡಿಡಲು ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್‌ಗಳನ್ನು ಕೊಂಡು ಬ್ಯಾಟರಿಯನ್ನು ಮನೆಯಲ್ಲೇ ಜೋಡಿಸಿಕೊಳ್ಳುವವರು ಸೆಲ್‌ಗಳ ಸಮತೋಲನವನ್ನು ಅವಶ್ಯವಾಗಿ ಗಮನಿಸಬೇಕು.

ಒಂದು ಸೆಲ್ಲಿನ ಸಾಮಾನ್ಯ ಒತ್ತಡ 3.2 ವೋಲ್ಟ್. ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ 12.8 ವೋಲ್ಟ್ ದೊರೆಯುತ್ತದೆ. ಯಾವ ಸೆಲ್ಲೂ 3.65 ವೋಲ್ಟ್ ಮೀರಬಾರದು, 2.5ಕ್ಕಿಂತ ಕೆಳಗೆ ಇಳಿಯಬಾರದು. ಜೋಡೆತ್ತಿನಲ್ಲಿ ಒಂದು ಸೋತರೆ ಬಂಡಿ ನಿಲ್ಲುವಂತೆ, ಒಂದು ಸೆಲ್ ಮೊದಲೇ ತುಂಬಿದರೆ ಅಥವಾ ಬರಿದಾದರೆ ಇಡೀ ಬ್ಯಾಟರಿಯನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತದೆ.

ಒಟ್ಟು ವೋಲ್ಟನ್ನಷ್ಟೇ ನೋಡಿದರೆ ಸಾಲದು. ಮೂರು ಸೆಲ್‌ಗಳು 3.45, ಒಂದು 3.85 ಇದ್ದರೆ ಒಟ್ಟು 14.2 ವೋಲ್ಟ್ ಆಗುತ್ತದೆ. ಇದು 14.6ರ ಮಿತಿಯೊಳಗಿದ್ದರೂ ಒಂದು ಸೆಲ್ ಕೆಡುತ್ತಿರುತ್ತದೆ. ಅರ್ಧ ತುಂಬಿದಾಗ ಎಲ್ಲವೂ 3.3 ವೋಲ್ಟಿನ ಆಸುಪಾಸಿನಲ್ಲಿರುವುದರಿಂದ ವ್ಯತ್ಯಾಸ ತಿಳಿಯದು. ಪೂರ್ತಿ ತುಂಬುವ ವೇಳೆಗೆ ಪ್ರತಿ ಸೆಲ್ಲನ್ನೂ ಅಳೆಯಬೇಕು.

ಸಮತೋಲನ ಮಾಡುವ ಕ್ರಮ:

1. ಒಂದೇ ಮಾದರಿಯ, ಒಂದೇ ಸಾಮರ್ಥ್ಯದ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಬಿ.ಎಂ.ಎಸ್. ಎಂಬ ರಕ್ಷಣಾ ಸಾಧನದ ಮೂಲಕ ಚಾರ್ಜ್ ಮಾಡಬೇಕು. ಒಂದು ಸೆಲ್ ಮಿತಿ ಮುಟ್ಟಿ ಚಾರ್ಜ್ ನಿಂತಾಗ ಸರಣಿಯನ್ನು ಬಿಚ್ಚಬೇಕು.

2. ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ ಸಮಾನಾಂತರವಾಗಿ ಜೋಡಿಸಬೇಕು.

3. ವೋಲ್ಟ್ ಹೊಂದಿಸಬಲ್ಲ ಚಾರ್ಜರನ್ನು ಮೊದಲು 3.65ಕ್ಕೆ ನಿಲ್ಲಿಸಿ, ಅನಂತರ ಸೇರಿಸಬೇಕು. ಇಲ್ಲಿ 12 ವೋಲ್ಟಿನ ಚಾರ್ಜರನ್ನು ಬಳಸಕೂಡದು. ವಿದ್ಯುತ್ ಪ್ರವಾಹ ಸೊನ್ನೆಯ ಸಮೀಪಕ್ಕೆ ಇಳಿದೊಡನೆ ತೆಗೆಯಬೇಕು.

4. ಮತ್ತೆ ಸರಣಿಯಲ್ಲಿ ಜೋಡಿಸಿ ಬಿ.ಎಂ.ಎಸ್. ಅಳವಡಿಸಬೇಕು.

ಎಚ್ಚರಿಕೆ: ಸ್ಪ್ಯಾನರು ಎರಡು ತುದಿಗಳಿಗೆ ಒಮ್ಮೆಗೇ ತಗುಲಿದರೆ ಭಾರಿ ಕಿಡಿ ಹಾರಿ ಕೈ ಸುಡುತ್ತದೆ. ಅದಕ್ಕೆ ಇನ್ಸುಲೇಷನ್ ಟೇಪು ಸುತ್ತಬೇಕು. ಉಂಗುರ, ಕೈಗಡಿಯಾರ ತೆಗೆದಿಡಬೇಕು. ಉಬ್ಬಿದ ಸೆಲ್ಲನ್ನು ಎಂದೂ ಬಳಸಬಾರದು.